ಗೋಡೆ ಯಾರದು, ಬಾಗಿಲು ಯಾರದು
(ರಿಪ್ಪನ್‌ಪೇಟೆಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಕವಿಯನ್ನು ಕರೆದಿದ್ದೀರಿ. ಪದ್ಯ ಓದುತ್ತಾನೆ ಅಂತ ಮುಂದಿನ ಸಾಲಿನಲ್ಲಿ ಕೂತವರಿಗೆ ಇವತ್ತು ನಿರಾಸೆ. ನಾನು ಸೊಳ್ಳೆಯ ಬಗ್ಗೆ ಮಾತಾಡಲು ಬಂದಿದ್ದೇನೆ. ನಗಬೇಡಿ. ನಾನು ಬಿ.ಎ. ಓದಿದವನು, ಡಾಕ್ಟರಲ್ಲ. ಚರಿತ್ರೆಯ ತರಗತಿಯಲ್ಲಿ ನಮಗೆ ಕೆಳದಿ ಅರಸರನ್ನು ಹೇಳಿದರು, ಶಿವಪ್ಪನಾಯಕನ ಶಿಸ್ತು ಹೇಳಿದರು, 1763ರಲ್ಲಿ ಹೈದರಾಲಿ ಬಿದನೂರು ಹಿಡಿದದ್ದನ್ನು ಪರೀಕ್ಷೆಗೆ ಕೇಳಿದರು. ಈ ಹೊಸನಗರ, ಸಾಗರ, ತೀರ್ಥಹಳ್ಳಿ ಸೀಮೆಯನ್ನು ಇವರೆಲ್ಲರಿಗಿಂತ ಹೆಚ್ಚು ಕಾಲ ಆಳಿದ ದೊರೆ ಚಳಿಜ್ವರ ಅಂತ ಮಾತ್ರ ಯಾವ ಮೇಷ್ಟರೂ ಹೇಳಲಿಲ್ಲ.

ನಿಮ್ಮ ಮನೆಯಲ್ಲಿ ತೀರ ವಯಸ್ಸಾದವರು ಯಾರಾದರೂ ಇದ್ದರೆ ಕೇಳಿನೋಡಿ. ಜ್ವರಗಡ್ಡೆ ಅಂದರೆ ಏನಜ್ಜಿ ಅಂತ ಕೇಳಿ. ಜ್ವರ ಬಂದು ಬಂದು ಗುಲ್ಮ ಊದಿಕೊಂಡು, ಕೈಕಾಲು ಕಡ್ಡಿಯಾಗಿ, ಹೊಟ್ಟೆ ಮಾತ್ರ ಗುಡಾಣವಾದ ಮಕ್ಕಳು ಕೇರಿ ತುಂಬಾ ಇದ್ದವಂತೆ. ಬಯಲುಸೀಮೆಯವರು ಇಲ್ಲಿಗೆ ಹೆಣ್ಣು ಕೊಡಲು ಹೆದರುತ್ತಿದ್ದರು. ಸರ್ಕಾರಿ ನೌಕರರಿಗೆ ಇಲ್ಲಿಗೆ ವರ್ಗವಾದರೆ ಶಿಕ್ಷೆಯಾದ ಹಾಗೆ. ಅವರಾದರೂ ಅರ್ಜಿ ಹಾಕಿ ವರ್ಗ ಮಾಡಿಸಿಕೊಂಡು ಹೋಗುತ್ತಿದ್ದರು. ಸಾಹುಕಾರರು ಮಕ್ಕಳನ್ನು ಶಿವಮೊಗ್ಗಕ್ಕೋ ಬೆಂಗಳೂರಿಗೋ ಓದಲು ಕಳಿಸುತ್ತಿದ್ದರು. ತೋಟದ ಅಂಚಿನ ಬಿಡಾರದಲ್ಲಿ ಸಾಲದ ಲೆಕ್ಕಕ್ಕೆ ಜೀತ ಬಿದ್ದವನು ಎಲ್ಲಿಗೆ ಹೋಗಬೇಕಿತ್ತು? ಅವನು ಅಲ್ಲೇ ನಡುಗಿದ, ಅಲ್ಲೇ ಸತ್ತ. ಅವನ ಹೆಣ ಹೊತ್ತವರೂ ಸಂಜೆ ಹೊತ್ತಿಗೆ ನಡುಗುತ್ತಾ ಕಂಬಳಿ ಹೊದ್ದು ಮಲಗಿದರು.

ಆಗ ದೊಡ್ಡವರು ಹೇಳುತ್ತಿದ್ದುದೇನು? ಕೇರಿ ಗಲೀಜು, ಅದಕ್ಕೇ ಜ್ವರ, ಇವರು ಕುಡೀತಾರೆ, ಕಂಡದ್ದೆಲ್ಲ ತಿಂತಾರೆ, ಅದಕ್ಕೇ ಜ್ವರ. ಈ ಮಾತನ್ನು ಇವತ್ತಿಗೂ ಬೇರೆ ಬೇರೆ ಕಾಯಿಲೆಗೆ ಹೇಳುವವರಿದ್ದಾರೆ. ಆದ್ದರಿಂದ ಈ ಒಂದು ವಿಷಯವನ್ನು ಸರಿಯಾಗಿ ತಿಳಿದುಕೊಳ್ಳಿ. ಮಲೆನಾಡಿನ ಮಲೇರಿಯಾ ಹರಡುತ್ತಿದ್ದ ಸೊಳ್ಳೆಯ ಹೆಸರು ಅನಾಫಿಲಿಸ್ ಫ್ಲುವಿಯಾಟಿಲಿಸ್. ಆ ಎರಡನೆಯ ಪದಕ್ಕೆ ಹೊಳೆಗೆ ಸೇರಿದ್ದು ಅಂತ ಅರ್ಥ. ಅದು ಕೊಳಚೆಯಲ್ಲಿ ಮೊಟ್ಟೆ ಇಡುವುದಿಲ್ಲ. ಮೆಲ್ಲಗೆ ಹರಿಯುವ ತಿಳಿನೀರು ಬೇಕು ಅದಕ್ಕೆ. ಹಳ್ಳದ ಅಂಚಿನ ಹುಲ್ಲು, ಗದ್ದೆಯ ಒರತೆ, ಕಾಲುವೆ ಬೇಕು. ನಮ್ಮ ಕೇರಿಯ ಬಚ್ಚಲ ಗುಂಡಿಯಲ್ಲಿ ಹುಟ್ಟುವ ಸೊಳ್ಳೆ ಬೇರೆ ಜಾತಿಯದು. ಅದೂ ಕಚ್ಚುತ್ತದೆ, ಆದರೆ ಅದು ಮಲೇರಿಯಾ ತರುವುದಿಲ್ಲ. ಅಂದರೆ ಚಳಿಜ್ವರದ ಸೊಳ್ಳೆ ಬೆಳೆಯುತ್ತಿದ್ದುದು ಬೆಟ್ಟದ ಹಳ್ಳಗಳಲ್ಲಿ, ಒಡೆಯರ ಗದ್ದೆ ತೋಟಗಳ ಚೊಕ್ಕ ನೀರಿನಲ್ಲಿ. ಬೈಸಿಕೊಂಡದ್ದು ಮಾತ್ರ ಕೇರಿ.

ಸೊಳ್ಳೆಯೇ ಈ ಜ್ವರ ಹೊರುವುದು ಎಂಬುದು ಪ್ರಪಂಚಕ್ಕೆ ಗೊತ್ತಾದದ್ದು ನಮ್ಮ ನೆರೆಯಲ್ಲೇ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ಮಿಲಿಟರಿ ಡಾಕ್ಟರು ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡ. 1902ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ಕಂಡದ್ದಾಯಿತು, ಕೊಲ್ಲುವುದು ಹೇಗೆ? ಹಳ್ಳಕ್ಕೆ ಎಣ್ಣೆ ಹಾಕಿದರು, ಪ್ಯಾರಿಸ್ ಗ್ರೀನ್ ಎಂಬ ವಿಷದ ಪುಡಿ ಎರಚಿದರು. ಮಲೆನಾಡಿನ ಎಷ್ಟು ಹಳ್ಳಕ್ಕೆ ಹಾಕುತ್ತೀರಿ? ಒಂದು ಮಳೆ ಬಂದರೆ ಎಲ್ಲ ತೊಳೆದುಹೋಯಿತು. ಪೈರೆಥ್ರಮ್ ಹೂವಿನ ಔಷಧವನ್ನು ಮನೆಯೊಳಗೆ ಹೊಡೆದರು. ಅದರ ಶಕ್ತಿ ಬೇಗ ಇಳಿಯುತ್ತದೆ, ಮತ್ತೆ ಮತ್ತೆ ಹೊಡೆಯುತ್ತಲೇ ಇರಬೇಕು. ತೋಟದ ಒಡೆಯನಿಗೆ, ಪ್ರಾಜೆಕ್ಟಿನ ಇಂಜಿನಿಯರಿಗೆ ಅದು ಆದೀತು, ಹಳ್ಳಿಗಲ್ಲ.

ಡಿ.ಡಿ.ಟಿ.ಯನ್ನು 1874ರಲ್ಲೇ ಯಾರೋ ಪ್ರಯೋಗಶಾಲೆಯಲ್ಲಿ ತಯಾರಿಸಿ ಬದಿಗಿಟ್ಟಿದ್ದರು. ಅದು ಕೀಟಗಳನ್ನು ಕೊಲ್ಲುತ್ತದೆ ಎಂದು 1939ರಲ್ಲಿ ಕಂಡುಕೊಂಡವನು ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್. 1948ರಲ್ಲಿ ಅವನಿಗೂ ನೊಬೆಲ್ ಬಂತು. ಇದರ ವಿಶೇಷ ಏನೆಂದರೆ, ಗೋಡೆಗೆ ಒಂದು ಸಲ ಹೊಡೆದರೆ ತಿಂಗಳುಗಟ್ಟಲೆ ಅಲ್ಲೇ ಕೂತಿರುತ್ತದೆ.

ಗೋಡೆಗೇ ಯಾಕೆ? ಇದನ್ನು ನಿಧಾನವಾಗಿ ಕೇಳಿ. ಕಚ್ಚುವುದು ಹೆಣ್ಣು ಸೊಳ್ಳೆ. ರಾತ್ರಿ ರಕ್ತ ಹೀರಿದ ಮೇಲೆ ಹೊಟ್ಟೆ ಭಾರವಾಗಿ ಅದಕ್ಕೆ ದೂರ ಹಾರಲಾಗುವುದಿಲ್ಲ. ಹತ್ತಿರದ ಗೋಡೆಗೋ ಜಂತಿಗೋ ಹೋಗಿ, ಹಿಂಭಾಗ ಮೇಲೆತ್ತಿ ಕೂರುತ್ತದೆ. ಕುಡಿದ ರಕ್ತದಲ್ಲಿ ಮಲೇರಿಯಾ ಇದ್ದರೂ ಅದು ಮರುದಿನವೇ ಇನ್ನೊಬ್ಬರಿಗೆ ಅಂಟಿಸಲಾರದು. ಪರೋಪಜೀವಿ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆದು ಎಂಜಲಿಗೆ ಬರಲು ಹತ್ತು ಹನ್ನೆರಡು ದಿನ ಬೇಕು. ಅಷ್ಟರಲ್ಲಿ ಅದು ಎರಡು ಮೂರು ದಿನಕ್ಕೊಮ್ಮೆ ಕಚ್ಚಬೇಕು, ಕಚ್ಚಿದಾಗೆಲ್ಲ ಎಲ್ಲಾದರೂ ಕೂರಬೇಕು. ಅಂದರೆ ನಾಲ್ಕೈದು ಸಲ ಗೋಡೆ ಹತ್ತಬೇಕು. ಅದರಲ್ಲಿ ಒಂದು ಗೋಡೆಯಲ್ಲಿ ಔಷಧ ಇದ್ದರೂ ಅದರ ಕಥೆ ಮುಗಿಯಿತು. ಊರಿನ ಸೊಳ್ಳೆಯನ್ನೆಲ್ಲಾ ಕೊಲ್ಲಬೇಕಾಗಿಲ್ಲ, ರಕ್ತ ಕುಡಿದದ್ದು ಮುದಿಯಾಗದಂತೆ ನೋಡಿಕೊಂಡರೆ ಸಾಕು. ಮೂರು ನಾಲ್ಕು ವರ್ಷ ಹೀಗೆ ಹಿಡಿದಿಟ್ಟರೆ ಮನುಷ್ಯರ ಮೈಯಲ್ಲಿರುವ ರೋಗವೂ ತಾನಾಗಿ ಬರಿದಾಗುತ್ತದೆ. ಇದು ಆ ಕಾಲದವರ ಲೆಕ್ಕ, ಒಳ್ಳೆಯ ಲೆಕ್ಕ. ನನಗೆ ಗಣಿತ ಬರದಿದ್ದರೂ ಇದು ಅರ್ಥವಾಯಿತು.

ನಮ್ಮ ಸಾಗರ ತಾಲೂಕಿನ ಗಡಿ ದಾಟಿದರೆ ಸಿದ್ಧಾಪುರ. ಆಗ ಅದು ಮುಂಬಯಿ ಪ್ರಾಂತ್ಯ. ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳಲ್ಲಿ 1946ರ ಸುಮಾರಿಗೆ ಡಾ. ಡಿ.ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಹಳ್ಳಿ ಹಳ್ಳಿಯ ಮನೆಗಳಿಗೆ ಡಿ.ಡಿ.ಟಿ. ಹೊಡೆಸಿದರು. ಪಟ್ಟಣವಲ್ಲ, ದಂಡಿನ ಪ್ರದೇಶವಲ್ಲ, ಹಳ್ಳಿಗಳು. ಇಡೀ ದೇಶಕ್ಕೆ ದಾರಿ ತೋರಿದ ಕೆಲಸ ಅದು. 1949ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎರಡೂ ಸೇರಿ ದೇಶದ ಕೆಲವೆಡೆ ಮಲೇರಿಯಾ ತಂಡಗಳನ್ನು ಇಟ್ಟವು. ಹಿಮಾಲಯದ ಬುಡದ ತರಾಯಿ, ಒರಿಸ್ಸಾದ ಜೇಪುರ ಬೆಟ್ಟ, ಮಲಬಾರಿನ ಏರನಾಡು, ಮತ್ತೆ ಮೈಸೂರು ಸೀಮೆಯ ನಮ್ಮ ಈ ಮಲೆನಾಡು. ಆಮೇಲೆ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ. 1958ರಲ್ಲಿ ಧೈರ್ಯ ಬಂದು ನಿಯಂತ್ರಣ ಅನ್ನುವುದನ್ನು ಬಿಟ್ಟು ನಿರ್ಮೂಲನ ಅಂದರು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯಾ, ಎಂಟು ಲಕ್ಷ ಸಾವು ಎಂದು ಅಂದಾಜು. 1961ರ ಹೊತ್ತಿಗೆ ಲೆಕ್ಕಕ್ಕೆ ಸಿಕ್ಕ ರೋಗಿಗಳು ಐವತ್ತು ಸಾವಿರದ ಆಸುಪಾಸು. 1965ರಲ್ಲಿ ಮಲೇರಿಯಾದಿಂದ ಒಂದೂ ಸಾವು ದಾಖಲಾಗಲಿಲ್ಲ.

ಒಂದು ಮಾತು, ಪಕ್ಕದ ಮಾತು. ಕಾಗೋಡಿನ ಗೇಣಿದಾರರು ಗದ್ದೆಗೆ ಇಳಿದದ್ದು 1951ರಲ್ಲಿ. ಪಂಪು ಹೊತ್ತವರು ಮಲೆನಾಡು ತಿರುಗುತ್ತಿದ್ದುದೂ ಅದೇ ವರ್ಷಗಳಲ್ಲಿ. ಇದರಿಂದ ಅದು ಆಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ದಿನ ಬಿಟ್ಟು ದಿನ ನಡುಗುವವನು ಒಡೆಯನೆದುರು ಎದ್ದು ನಿಲ್ಲುವುದು ಕಷ್ಟ ಎಂದು ಹೇಳಬಲ್ಲೆ.

ಈಗ ನಮ್ಮಜ್ಜನ ವಿಷಯಕ್ಕೆ ಬರುತ್ತೇನೆ. 1970ರ ದಶಕದಲ್ಲಿ ನಮ್ಮಜ್ಜ ಎರಡು ಮೂರು ಸೀಸನ್ ಡಿ.ಡಿ.ಟಿ. ಹೊಡೆಯುವ ಕೂಲಿಗೆ ಹೋಗಿದ್ದ. ಒಂದು ತಂಡಕ್ಕೆ ಐದು ಜನ ಕೂಲಿ, ಮೇಲೆ ಒಬ್ಬ ಮೇಸ್ತ್ರಿ, ಎರಡು ಸ್ಟಿರಪ್ ಪಂಪು. ಬಕೆಟ್ಟಿನಲ್ಲಿ ಹತ್ತು ಲೀಟರ್ ನೀರಿಗೆ ಒಂದು ಕಿಲೋ ಪುಡಿ ಕಲಸಬೇಕು. ಒಬ್ಬ ಪಂಪನ್ನು ಕಾಲಲ್ಲಿ ಒತ್ತಿ ಹಿಡಿದು ಕೈಯಲ್ಲಿ ಜಗ್ಗಬೇಕು, ಇನ್ನೊಬ್ಬ ನಳಿಕೆ ಹಿಡಿದು ಗೋಡೆಗೆ ಒಂದೂವರೆ ಅಡಿ ದೂರ ನಿಂತು ಮೇಲಿಂದ ಕೆಳಗೆ ಪಟ್ಟೆ ಪಟ್ಟೆಯಾಗಿ ಹೊಡೆಯಬೇಕು. ಒಂದು ಚದರ ಮೀಟರಿಗೆ ಒಂದು ಗ್ರಾಂ ಔಷಧ ನಿಲ್ಲಬೇಕು, ಅದು ಲೆಕ್ಕ. ಹೊಡೆದಾದ ಮೇಲೆ ಹೊರಗಿನ ಗೋಡೆಗೆ ತಾರೀಖು, ಎಷ್ಟು ಕೋಣೆ ಇವೆ, ಎಷ್ಟಕ್ಕೆ ಹೊಡೆಯಿತು ಎಂದು ಬರೆಯಬೇಕು.

ಕೇರಿಯಲ್ಲಿ ಕೆಲಸ ಸಲೀಸು. ಒಂದೇ ಕೋಣೆ. ಪಾತ್ರೆ ಹೊರಗಿಡು ಅಂದರೆ ಇಡುತ್ತಾರೆ. ಸರ್ಕಾರದವರಿಗೆ ಇಲ್ಲ ಅನ್ನುವ ಅಭ್ಯಾಸ ನಮ್ಮವರಿಗೆ ಆಗ ಇರಲಿಲ್ಲ. ದೊಡ್ಡ ಮನೆಗೆ ಹೋದರೆ ಕಥೆಯೇ ಬೇರೆ. ಹೆಬ್ಬಾಗಿಲ ಹತ್ತಿರವೇ ಕೇಳುತ್ತಿದ್ದರಂತೆ: “ಯಾವ ಕೇರಿಯೋ ನೀನು?”

“ಇಂಥ ಕೇರಿ ಅಯ್ಯಾ.”

“ಹಂಗಾದ್ರೆ ಕೊಟ್ಟಿಗೆಗೆ ಹೊಡ್ಕಂಡು ಹೋಗ್ರೋ. ಒಳಗೆ ಬ್ಯಾಡ.”

ಒಳಗೆ ನಡುಮನೆ, ಅಡಿಗೆಮನೆ, ದೇವರ ಕೋಣೆ, ಬಾಣಂತಿ ಕೋಣೆ, ಅಟ್ಟ. ಹತ್ತು ಹನ್ನೆರಡು ಕೋಣೆಯ ಮನೆ. ಮೇಸ್ತ್ರಿ ಮೇಲ್ಜಾತಿಯವನು, ಅವನು ಜಗಲಿ ಹತ್ತಬಹುದು. ಆದರೆ ಪಂಪು ಹಿಡಿಯುವವನು ಅವನಲ್ಲವಲ್ಲ! ಅವನು ಜಗಲಿಯಲ್ಲಿ ಕೂತು ಕಾಫಿ ಕುಡಿದು ಪುಸ್ತಕದಲ್ಲಿ ಬರೆಯುತ್ತಿದ್ದ: ಕೋಣೆ ಹನ್ನೆರಡು, ಹೊಡೆದದ್ದು ಹನ್ನೆರಡು. ಅಜ್ಜನಿಗೆ ಓದು ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಒಮ್ಮೊಮ್ಮೆ ಯಾವುದೋ ಮನೆಯ ಯಜಮಾನ ಓದಿದವನಾಗಿದ್ದು, ಆಗಲಿ ಹೊಡೆಯಿರಿ ಅನ್ನುತ್ತಿದ್ದನಂತೆ. ತಂಡ ಆಚೆ ದಾಟಿತೋ ಇಲ್ಲವೋ, ಮೈಲಿಗೆ ಕಳೆಯಲು ಸಗಣಿನೀರು ಹಾಕಿ ನೆಲ ಸಾರಿಸಿ, ಕೈಗೆಟಕುವಷ್ಟು ಗೋಡೆಯನ್ನೂ ಬಳಿಯುತ್ತಿದ್ದರಂತೆ. ಡಿ.ಡಿ.ಟಿ.ಯ ಮೇಲೆ ಸಗಣಿಯ ಪದರ. ಸೊಳ್ಳೆ ಕೂರುವುದು ಸಗಣಿಯ ಮೇಲೆ, ಔಷಧ ಅದರ ಕೆಳಗೆ. ನಮ್ಮಜ್ಜ ಇದನ್ನು ನಗುತ್ತಾ ಹೇಳುತ್ತಿದ್ದ. ನನಗೆ ನಗು ಬರಲಿಲ್ಲ.

ಹಾಗಂತ ಎಲ್ಲ ತಪ್ಪೂ ದೊಡ್ಡ ಮನೆಯದೆಂದು ಹೇಳಿ ಚಪ್ಪಾಳೆ ಗಿಟ್ಟಿಸುವುದು ನನಗಿಷ್ಟವಿಲ್ಲ. ನಮ್ಮ ಅಜ್ಜಿಯರೂ ಗೋಡೆ ಬಳಿಯುತ್ತಿದ್ದರು. ಡಿ.ಡಿ.ಟಿ. ಬಿಳಿ ಬಿಳಿ ಕಲೆ ಬಿಡುತ್ತದೆ, ವಾಸನೆ ಬೇರೆ. ದೀಪಾವಳಿಗೆ ಮುಂಚೆ ಕೆಮ್ಮಣ್ಣು ಬಳಿದು ಮನೆ ಚಂದ ಮಾಡಬೇಡವೇ? ಇರುವುದು ಒಂದು ಕೋಣೆ, ಅದನ್ನಾದರೂ ಚಂದವಾಗಿ ಇಟ್ಟುಕೊಳ್ಳುತ್ತೇನೆ ಎಂಬ ಹೆಣ್ಣಿನ ಮೇಲೆ ಹೇಗೆ ಸಿಟ್ಟಾಗಲಿ? ಇದನ್ನು ಅವಳಿಗೆ ವಿವರಿಸಿ ಹೇಳಬೇಕಾದವರು ಹೇಳಲಿಲ್ಲ. “ಏ ಮುದುಕಿ ಹೊರಗೆ ನಡಿ” ಎಂದು ಹೊಡೆದುಹೋದರು.

ಇನ್ನೂ ಒಂದು ಇದೆ. ಮರದ ಹಲಗೆಯ ಮೇಲೆ ಔಷಧ ಬಹಳ ದಿನ ನಿಲ್ಲುತ್ತದೆ, ಮಣ್ಣಿನ ಗೋಡೆ ಅದನ್ನು ಒಳಗೆ ಹೀರಿಕೊಂಡುಬಿಡುತ್ತದೆ. ಹಲಗೆಯ ಮನೆ ಯಾರದು, ಮಣ್ಣಿನ ಮನೆ ಯಾರದು? ಮಣ್ಣಿನದೂ ಇಲ್ಲದವರು ಅಡಕೆ ದಬ್ಬೆ ಕಟ್ಟಿ ಸೋಗೆ ಹೊದಿಸಿದ ಬಿಡಾರದಲ್ಲಿದ್ದರು. ಪೈರು ಹಣ್ಣಾದಾಗ ಹಂದಿ ಕಾಯಲು ಗದ್ದೆಯ ಮಾಳದಲ್ಲಿ ಮಲಗುವವನಿಗೆ ನಾಲ್ಕು ಕಡೆಯೂ ಗೋಡೆ ಇಲ್ಲ. ಈ ವಿಧಾನದ ಬಲವೂ ಬಲಹೀನತೆಯೂ ಇಲ್ಲೇ ಇದೆ ಎಂದು ನನ್ನ ಅನಿಸಿಕೆ. ಇದು ಗೋಡೆಯ ಔಷಧ. ಗೋಡೆ ಇದ್ದವನನ್ನು ಕಾಯುತ್ತದೆ. ಅದೂ ಊರಿನ ಎಲ್ಲ ಬಾಗಿಲೂ ತೆರೆದರೆ ಮಾತ್ರ. ಬಿಡಾರದ ಮಗುವಿನ ರಕ್ತ ಕುಡಿದ ಸೊಳ್ಳೆ ಹಾರಿ ಹೋಗಿ ದೊಡ್ಡ ಮನೆಯ ಅಟ್ಟದಲ್ಲಿ ಸುಖವಾಗಿ ಕೂತಿತು. ಹನ್ನೆರಡು ದಿನ ಬದುಕಿತು. ಆಮೇಲೆ ಅದು ಒಡೆಯನ ಮೊಮ್ಮಗನನ್ನೂ ಕಚ್ಚಿತು, ಬಿಡಾರದ ಇನ್ನೊಂದು ಮಗುವನ್ನೂ ಕಚ್ಚಿತು. ಒಬ್ಬನಿಗೆ ಕಾರಿನಲ್ಲಿ ಆಸ್ಪತ್ರೆ ಸಿಕ್ಕಿತು.

ಇಷ್ಟೆಲ್ಲ ಆದರೂ ಮಲೆನಾಡಿನ ಆ ಹಳೆಯ ಜ್ವರ ಹೋಯಿತು. ಅದು ಸುಳ್ಳಲ್ಲ. ಅಷ್ಟು ಬಾಗಿಲು ಮುಚ್ಚಿದ್ದರೂ ಹೋಯಿತು ಅಂದರೆ ಪಂಪು ಹೊತ್ತವರು ಎಷ್ಟು ಗೋಡೆ ಮುಟ್ಟಿರಬೇಕು ಯೋಚಿಸಿ. ಅವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ. ಕೈಗವಸು ಇಲ್ಲ, ಮುಖಕ್ಕೆ ಬಟ್ಟೆಯಿಲ್ಲ, ಸೀಸನ್ ಮುಗಿದರೆ ಕೆಲಸವೂ ಇಲ್ಲ. ಆ ಪುಡಿ ಕಲಸಿದ ಕೈಯಲ್ಲೇ ಬುತ್ತಿ ಉಂಡ ಜನ.

ದೇಶದ ಮಟ್ಟದಲ್ಲಿ ಮಾತ್ರ ಮಲೇರಿಯಾ ತಿರುಗಿ ಬಂತು. 1976ರಲ್ಲಿ 64 ಲಕ್ಷಕ್ಕೂ ಮೇಲೆ ರೋಗಿಗಳು. ಗೆದ್ದೆವು ಅಂತ ತಂಡಗಳನ್ನು ಸಡಿಲ ಬಿಟ್ಟರು, ಡಿ.ಡಿ.ಟಿ. ಸಕಾಲಕ್ಕೆ ಸಿಗಲಿಲ್ಲ, ಸೊಳ್ಳೆಯೂ ಅದನ್ನು ಜೀರ್ಣಿಸಿಕೊಳ್ಳಲು ಕಲಿಯಿತು. ಸೊಳ್ಳೆಗೆ ಪಾಠ ಹೇಳಿದ್ದು ಬಹುಮಟ್ಟಿಗೆ ಬೇಸಾಯ. ಗೋಡೆಗೆ ಗ್ರಾಂ ಲೆಕ್ಕದಲ್ಲಿ ಹೋಗಬೇಕಾದದ್ದು ಗದ್ದೆಗೆ ಮೂಟೆ ಲೆಕ್ಕದಲ್ಲಿ ಸುರಿಯಿತು. 1977ರಲ್ಲಿ ಯೋಜನೆ ಬದಲಾಯಿಸಿದರು. 1999ರಲ್ಲಿ ಹೆಸರಿನಿಂದಲೇ ನಿರ್ಮೂಲನ ಎಂಬ ಪದ ತೆಗೆದು ಮಲೇರಿಯಾ ವಿರೋಧಿ ಕಾರ್ಯಕ್ರಮ ಅಂತ ಮಾಡಿಕೊಂಡರು. ಈಗ 2030ರೊಳಗೆ ತೊಲಗಿಸುತ್ತೇವೆ ಎಂಬ ಗುರಿ ಮತ್ತೆ ಬಂದಿದೆ.

ಡಿ.ಡಿ.ಟಿ. ವಿಷ ಅಲ್ಲವೇ ಎಂದು ನಿಮ್ಮಲ್ಲಿ ವಿಜ್ಞಾನ ಓದುವವರು ಕೇಳುತ್ತೀರಿ. ಹೌದು. ಅಮೆರಿಕದ ರೇಚೆಲ್ ಕಾರ್ಸನ್ 1962ರಲ್ಲಿ ಪುಸ್ತಕ ಬರೆದು ಎಚ್ಚರಿಸಿದಳು. ಅದು ಮಣ್ಣಿನಲ್ಲಿ ಕರಗುವುದಿಲ್ಲ, ಮೈಯ ಕೊಬ್ಬಿನಲ್ಲಿ ಉಳಿಯುತ್ತದೆ, ತಾಯಿಯ ಹಾಲಿಗೂ ಬರುತ್ತದೆ. ಭಾರತ 1989ರಲ್ಲಿ ಬೇಸಾಯಕ್ಕೆ ಅದನ್ನು ನಿಷೇಧಿಸಿತು. 2001ರ ಸ್ಟಾಕ್‌ಹೋಮ್ ಒಪ್ಪಂದ, ರೋಗ ಹರಡುವ ಕೀಟಗಳ ಮೇಲೆ ಮಾತ್ರ ಬಳಸಬಹುದು ಎಂದಿತು. ಈಗ ಹಲವು ಕಡೆ ಅದರ ಬದಲು ಸಿಂಥೆಟಿಕ್ ಪೈರೆಥ್ರಾಯ್ಡ್ ಹೊಡೆಯುತ್ತಾರೆ, ಅದೇ ಔಷಧ ಹಚ್ಚಿದ ಸೊಳ್ಳೆಪರದೆ ಕೊಡುತ್ತಾರೆ.

ವಿಷದ ಮಾತು ಬಂದರೆ ಸಾಗರದ ಹಂದಿಗೋಡನ್ನು ಮರೆಯುವಂತಿಲ್ಲ. 1975ರ ಸುಮಾರಿಗೆ ಆ ಊರಿನ ಹೆಸರಿನಲ್ಲಿ ಒಂದು ಕಾಯಿಲೆ ಹೊರಜಗತ್ತಿಗೆ ಗೊತ್ತಾಯಿತು. ಸೊಂಟ, ಮಂಡಿಯ ಕೀಲು ಸವೆದು ಮನುಷ್ಯ ನೆಲ ಹಿಡಿಯುತ್ತಿದ್ದ. ಬಿದ್ದವರು ಚಲವಾದಿಗಳು, ಚನ್ನಂಗಿಗಳು, ನಮ್ಮ ಜನ. ಗದ್ದೆಗೆ ಹೊಡೆದ ಕೀಟನಾಶಕ ಏಡಿ, ಮೀನಿನ ಮೂಲಕ ಅವರ ಹೊಟ್ಟೆ ಸೇರಿತೆಂದು ಮೊದಲು ಶಂಕಿಸಿದರು. ಆಮೇಲಿನ ಸಂಶೋಧನೆ ಅದು ವಂಶದಲ್ಲಿ ಬರುವ ಮೂಳೆಯ ಕಾಯಿಲೆ ಎಂದಿತು. ಶಂಕೆ ಅಲ್ಲಿಗೆ ಯಾಕೆ ಹೋಯಿತು ಎನ್ನುವುದು ಮುಖ್ಯ. ಒಡೆಯನ ಗದ್ದೆಗೆ ವಿಷ ಬಿದ್ದರೆ, ಆ ಗದ್ದೆಯ ಏಡಿಯೇ ಸಾರಾಗಿರುವ ಮನೆಗೆ ಅದು ಮೊದಲು ಮುಟ್ಟುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ನಮ್ಮ ಗೋಡೆಗೆ ವಿಷ ಬೇಕೋ ಬೇಡವೋ ಎಂದು ತೂಗುವಾಗ ಈ ಎರಡೂ ತಕ್ಕಡಿಯಲ್ಲಿರಬೇಕು. ಮಕ್ಕಳು ನಡುಗಿ ಸಾಯುತ್ತಿದ್ದ ಕಾಲಕ್ಕೆ ಗೋಡೆಗೆ ಹೊಡೆದದ್ದು ಸರಿ ಎಂದೇ ನಾನು ಹೇಳುತ್ತೇನೆ. ಗದ್ದೆಗೆ ಸುರಿದದ್ದಕ್ಕೆ ಆ ನೆಪ ಇಲ್ಲ.

ಈಗ ಯಾಕೆ ಈ ಮಾತು, ಮಲೆನಾಡಿನಲ್ಲಿ ಆ ಜ್ವರ ಇಲ್ಲವಲ್ಲ ಎನ್ನುತ್ತೀರಿ. ಹೇಳುತ್ತೇನೆ. ನಿಮ್ಮಲ್ಲಿ ಎಷ್ಟು ಜನ ರಜೆಯಲ್ಲಿ ಮಂಗಳೂರಿಗೆ ಗಾರೆ ಕೆಲಸಕ್ಕೆ, ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತೀರಿ? ಕೈ ಎತ್ತಿ. ನೋಡಿ, ಎಷ್ಟು ಕೈ! 1990ರ ದಶಕದಿಂದ ಮಂಗಳೂರು ಮಲೇರಿಯಾದ ಊರು. ಅಲ್ಲಿಯ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸಿ, ಪಟ್ಟಣದ ಸೊಳ್ಳೆ. ತಾರಸಿಯ ಮುಚ್ಚಳವಿಲ್ಲದ ಟ್ಯಾಂಕು, ಕಾಂಕ್ರೀಟಿಗೆ ಕಟ್ಟಿ ನಿಲ್ಲಿಸಿದ ನೀರು, ಲಿಫ್ಟಿನ ಗುಂಡಿ, ಅಲ್ಲೇ ಹುಟ್ಟುತ್ತದೆ. ನೀರು ಕಟ್ಟಿದವನು ಬಿಲ್ಡರು. ಮಲಗುವವರು ನೀವು, ತಗಡು, ಟಾರ್ಪಾಲಿನ ಶೆಡ್ಡಿನಲ್ಲಿ. ಜ್ವರ ಬಂದರೆ ಊರಿನವರು ಹೇಳುವುದು ಅದೇ ಹಳೆಯ ಮಾತು: ಹೊರಗಿನಿಂದ ಬಂದ ಕೂಲಿಗಳು ರೋಗ ತಂದರು.

ಆದ್ದರಿಂದ ಅಲ್ಲಿ ಜ್ವರ ಬಂದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಬಸ್ಸು ಹತ್ತಿ ಊರಿಗೆ ಬರಬೇಡಿ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಅದಕ್ಕೆ ದುಡ್ಡಿಲ್ಲ. ವೈವಾಕ್ಸ್ ಎಂಬ ಜಾತಿಯ ಮಲೇರಿಯಾ ಆದರೆ ಕ್ಲೋರೊಕ್ವಿನ್ ಮೂರು ದಿನ, ಜೊತೆಗೆ ಪ್ರೈಮಾಕ್ವಿನ್ ಹದಿನಾಲ್ಕು ದಿನ ಕೊಡುತ್ತಾರೆ. ಮೂರನೇ ದಿನ ಜ್ವರ ಬಿಟ್ಟಿತು ಎಂದು ಮಾತ್ರೆ ಬಿಸಾಡುವುದೇ ಹೆಚ್ಚು. ಪರೋಪಜೀವಿ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ಅಡಗಿ ಕೂತು ತಿಂಗಳುಗಳ ಮೇಲೆ ಎದ್ದು ಬರುತ್ತದೆ, ನೀವು ಪರೀಕ್ಷೆ ಬರೆಯುವ ಹೊತ್ತಿಗೆ. ಡಾಕ್ಟರು ಕೇಳದಿದ್ದರೂ ಮಂಗಳೂರಿನಲ್ಲಿ ಇದ್ದೆ ಎಂದು ನೀವೇ ಹೇಳಿ. ಕೆಲಸದ ಕಡೆ ಮೇಸ್ತ್ರಿಗೆ ಸೊಳ್ಳೆಪರದೆ ಕೇಳಿ, ಟ್ಯಾಂಕಿಗೆ ಮುಚ್ಚಳ ಕೇಳಿ, ಮಲಗುವ ಶೆಡ್ಡಿಗೆ ಔಷಧ ಹೊಡೆಸು ಎಂದು ಕೇಳಿ. ಒಬ್ಬನೇ ಕೇಳಿದರೆ ನಾಳೆಯಿಂದ ಬರಬೇಡ ಅನ್ನುತ್ತಾನೆ. ಇಪ್ಪತ್ತು ಜನ ಒಟ್ಟಿಗೆ ಕೇಳಬೇಕು.

ಕೈ ಎತ್ತಿದವರು ಊಟದ ಗಂಟೆ ಹೊಡೆದರೂ ಸ್ವಲ್ಪ ಹೊತ್ತು ಇಲ್ಲೇ ನಿಲ್ಲಿ. ಯಾರು ಯಾವ ಕೆಲಸಕ್ಕೆ, ಯಾವ ಮೇಸ್ತ್ರಿಯ ಜೊತೆ, ಎಂದು ಹೊರಡುತ್ತೀರಿ, ಬರೆದುಕೊಳ್ಳೋಣ. ಪೆನ್ನು ಯಾರ ಹತ್ತಿರ ಇದೆ?